ಹಳದಿ ಡಬ್ಬಗಳ ಆಚೆ

ಶಾಂತಲಾ ಹುತ್ರಿದುರ್ಗದವಳು. ತೋಟದ ಬಾವಿಯಲ್ಲಿ ಈಜು ಕಲಿತು, ತುಮಕೂರಿನ ಈಜುಕೊಳದಲ್ಲಿ ಹನ್ನೊಂದು ವರ್ಷ ಮಕ್ಕಳಿಗೆ ಕಲಿಸಿದಳು. ಕುಣಿಗಲ್ ಸೀಮೆಯ ಕೆರೆಯೊಂದರಲ್ಲಿ ಕೈಟ್ ಸರ್ಫಿಂಗ್ ಕ್ಲಬ್ ಶುರುವಾದಾಗ ಸುರಕ್ಷತೆಯ ಕೆಲಸ ಅವಳಿಗೆ ಸಿಕ್ಕಿತು. ಕಾಲಿಗೆ ಹಲಗೆ ಕಟ್ಟಿಕೊಂಡು, ದೊಡ್ಡ ಗಾಳಿಪಟ ಎಳೆದತ್ತ ನೀರಿನ ಮೇಲೆ ಜಾರುವ ಆಟ ಅದು. ದಡದಿಂದ ಐವತ್ತು ಮೀಟರಿಗೆ ಅವಳು ಹಳದಿ ಡಬ್ಬಗಳ ಸಾಲು ತೇಲಿಬಿಟ್ಟಿದ್ದಳು. ಆ ಸಾಲು ದಾಟಿ ದಡದ ಕಡೆಗೆ ಯಾರೂ ಜೋರಾಗಿ ಬರುವಂತಿರಲಿಲ್ಲ. ಆಡುವವರ ಎದೆಯ ಬಳಿಯ ಕೆಂಪು ಹಿಡಿ ಎಳೆದರೆ ಪಟದ ಬಲ ಬಿಟ್ಟುಹೋಗುತ್ತದೆ. ಅದನ್ನು ಮಾಡಿ ತೋರಿಸದವರನ್ನು ನೀರಿಗೇ ಇಳಿಸುತ್ತಿರಲಿಲ್ಲ.

ಕಳೆದ ಆಷಾಢದ ಒಂದು ಬೆಳಿಗ್ಗೆ ಸಿದ್ದಾರ್ಥನೆಂಬ ಸದಸ್ಯ ಡಬ್ಬ ದಾಟಿ ಎರಡು ಸಲ ದಡದವರೆಗೆ ನುಗ್ಗಿದ. ಶಾಂತಲಾ ಅವನನ್ನು ತಡೆದಳು.

"ಪಟ ಇಳಿಸಿ ಸಾರ್. ಅಲ್ಲಿ ಮುದ್ದಯ್ಯಣ್ಣ ಬಲೆ ಬಿಡ್ತಾವ್ನೆ."

"ನಿಮ್ಮಪ್ಪನ ಕೆರೇನಾ?" ಎಂದವನೇ ಅವಳನ್ನು ನೂಕಿದ. ಕಲ್ಲಿನ ಮೇಲೆ ಬಿದ್ದು ಅವಳ ಹಣೆ ಒಡೆಯಿತು. ಅವಳು ಏಳುವಷ್ಟರಲ್ಲಿ ಅವನು ಮತ್ತೆ ನೀರಿನಲ್ಲಿದ್ದ.

ಅವನು ತಿರುಗಿ ದಡದ ಕಡೆ ಬರುವಾಗ ಗಾಳಿ ಒಮ್ಮೆಗೇ ರಭಸವಾಯಿತು. ಪಟ ಕೆಳಕ್ಕೆ ಬಾಗಿ ಅವನನ್ನು ದರದರನೆ ಎಳೆಯಿತು. ಅವನು ಮೀನು ಹಿಡಿಯುತ್ತಿದ್ದ ಮುದುಕ ಮುದ್ದಯ್ಯನ ತೆಪ್ಪಕ್ಕೆ ಅಪ್ಪಳಿಸಿದ, ತೆಪ್ಪ ಮಗುಚಿತು. ಪಟದ ಬಿಗಿದ ದಾರವೊಂದು ಮುದುಕನ ಮುಂಗೈಗೆ ಸುತ್ತಿಕೊಂಡು ಮಾಂಸ ಸೀಳಿತು. ಪಟ ಇಬ್ಬರನ್ನೂ ಒಟ್ಟಿಗೇ ಎಳೆದೊಯ್ಯುತ್ತಿತ್ತು. ಮುದ್ದಯ್ಯನ ಅರಚಾಟ ದಡಕ್ಕೆ ಕೇಳುತ್ತಿತ್ತು.

ಶಾಂತಲಾ ಧುಮುಕಿ ಅವರಿಗೆ ಎದುರಾಗಿ ಈಜಿದಳು.

"ಕೆಂಪು ಹಿಡಿ ಎಳಿಯೋ! ಎಳಿಯೋ!"

ದಿಗಿಲುಬಿದ್ದ ಸಿದ್ದಾರ್ಥ ಪಟದ ದಾರ ಕಟ್ಟಿದ ಹಿಡಿಕೋಲನ್ನೇ ಅಪ್ಪಿಕೊಂಡಿದ್ದ. ಅವನ ಕೈ ಸಡಿಲಿಸಲು ಮುಖಕ್ಕೆ ಗುದ್ದಿದಳು. ಹಲ್ಲು ಮುರಿದು ನೀರು ಕೆಂಪಾಯಿತು. ಅವನ ಎದೆಯ ಹಿಡಿಯನ್ನು ತಾನೇ ಕಿತ್ತೆಳೆದಳು. ಪಟ ಕುಸಿಯಿತು. ಸರ್ರನೆ ಓಡಿದ ದಾರ ಅವಳ ಎಡಗೈಯ ಎರಡು ಬೆರಳ ತುದಿಯನ್ನು ಕತ್ತರಿಸಿಕೊಂಡು ಹೋಯಿತು.

ಮೂವರೂ ಬದುಕಿದರು. ಸಿದ್ದಾರ್ಥ ಹಲ್ಲೆಯೆಂದು ದೂರು ಕೊಟ್ಟ. ಠಾಣೆಗೆ ಮುದ್ದಯ್ಯ ಬ್ಯಾಂಡೇಜಿನ ಕೈ ಎತ್ತಿಕೊಂಡೇ ಬಂದ. "ಈ ತಾಯಿ ಹೊಡೀದೆ ಹೋಗಿದ್ರೆ ಈ ಕೈ ಕೆರೇಲೇ ಇರ್ತಿತ್ತು ಸ್ವಾಮಿ," ಎಂದ. ದಡದಲ್ಲಿದ್ದವರೂ ಹೇಳಿಕೆ ಕೊಟ್ಟರು. ದೂರು ಬಿದ್ದುಹೋಯಿತು, ಕ್ಲಬ್ ಸಿದ್ದಾರ್ಥನನ್ನು ಕೈಬಿಟ್ಟಿತು.

ಠಾಣೆಯ ಹೊರಗೆ ಶಾಂತಲಾ ಮುದುಕನಿಗೊಂದು ಮಾತು ಹೇಳಿದಳು.

"ಪಟ ಬಿದ್ದ್‌ಮೇಲೂ ಅವನ್ಗೆ ಇನ್ನೊಂದು ಗುದ್ದು ಹಾಕ್ದೆ ಅಣ್ಣ. ಅದು ಬೇಕಿರ್ಲಿಲ್ಲ."

"ಬುಡವ್ವ. ಅದು ನನ್ ಪರವಾಗಿ ಅನ್ಕೋ," ಎಂದು ಮುದ್ದಯ್ಯ ನಕ್ಕ.

ಅವಳಿಗೆ ನಗು ಬರಲಿಲ್ಲ.