ಹೊರಗೇ ನಿಲ್ಲಬೇಕಾದ ಸೈಕಲ್ಲು

ಯಲ್ಮಾರಿಯ ಹೆಸರು ಸೈಮಿಯ ಕಿವಿಗೆ ಮೊದಲು ಬಿದ್ದದ್ದು ಸೇತುವೆ ದಾಟುವ ಬಸ್ಸಿನ ಓಡಾಟವೇ ನಿಂತುಹೋದ ದಿನ. ಉತ್ತರದ ಹಿಮನಾಡಿನ ಔಲು ಊರಿನಲ್ಲಿ ಸೆಪ್ಟೆಂಬರ್ ಮುಗಿಯುತ್ತಿತ್ತು. ನದಿಯಾಚೆಯ ಆರೈಕೆ ಮನೆಯಲ್ಲಿ ಅಕ್ಕ ಹಿಲ್ಯಾ ಮಲಗಿದ್ದಳು. ಲಕ್ವ ಹೊಡೆದ ಮೇಲೆ ಸೈಮಿಯ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಒಂದು ಚಮಚ ತಿನ್ನುತ್ತಿರಲಿಲ್ಲ. ಹನ್ನೊಂದಕ್ಕೆ ಬಾರ್ಲಿ ಗಂಜಿ ಬರುತ್ತದೆ, ಹನ್ನೆರಡಕ್ಕೆ ತಟ್ಟೆ ಎತ್ತಿಬಿಡುತ್ತಾರೆ. ಬೇಸಿಗೆಯಲ್ಲಾದರೆ ಸೈಕಲ್ಲಿದೆ. ಚಳಿಗಾಲಕ್ಕೆ ಅದನ್ನು ಸಿದ್ಧಮಾಡಿ ಕೊಡುತ್ತಿದ್ದವನು ಗಂಡ. ಅವನು ಮಣ್ಣು ಸೇರಿ ಮೂರು ವರ್ಷವಾಗಿತ್ತು.

“ಹಿಂದಿನ ಕಟ್ಟಡದ ಯಲ್ಮಾರೀನ ಕೇಳು,” ಅಂದಳು ಅಂಗಡಿಯ ಕೈಸು. “ನಲವತ್ತು ಚಳಿಗಾಲ ಸೈಕಲ್ ಮೇಲೆ ಟಪಾಲು ಹಂಚಿದೋನು. ಅವನ ಬಾಯಿ ತಡ್ಕೊಂಡ್ರೆ ನಿನ್ನ ಸೈಕಲ್ ಓಡುತ್ತೆ.”

ತಡೆದುಕೊಳ್ಳುವುದೇನು ಸುಲಭವೆ? ಆ ಮನುಷ್ಯ ಸೈಕಲ್ಲಿಗೆ ಕೈಯೇ ಹಚ್ಚಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಕಾಫಿ ಇವಳದು, ಏಲಕ್ಕಿ ಬನ್ನು ಇವಳದು, ದುಡಿಯುವ ಬೆರಳೂ ಇವಳದೇ. ಮಂಜಿನಲ್ಲಿ ಜಾರದಂತೆ ಮೊಳೆ ಹೊಡೆದ ಟೈರು ಕೂರಿಸುವಷ್ಟರಲ್ಲಿ ಎರಡು ಉಗುರು ಕಿತ್ತುಬಂದವು. ಆಗ ಅವನು ನಿಧಾನವಾಗಿ ಬನ್ನು ನುಂಗಿ, “ಟೈರಿನ ಬಾಣದ ಗುರುತು ಹಿಂದಕ್ಕಿದೆ. ಬಿಚ್ಚು,” ಅಂದ.

“ಹಾಕೋವಾಗ ಹೇಳೋಕೆ ಬಾಯಲ್ಲೇನಿತ್ತು?”

“ನಿನ್ನ ಬನ್ನು. ತಪ್ಪು ಹಾಕಿ ಬಿಚ್ಚಿದ್ದು ಸಾಯೋವರೆಗೂ ಮರೆಯಲ್ಲ.”

ಹೊಸ ಮೊಳೆ ರಬ್ಬರಿನಲ್ಲಿ ಗಟ್ಟಿಯಾಗಿ ಕೂರಬೇಕಂತೆ, ಅದಕ್ಕೆ ಹಿಮ ಬೀಳುವ ಮೊದಲೇ ಹತ್ತು ದಿನ ಬರೀ ರಸ್ತೆಯಲ್ಲಿ ಓಡಿಸಬೇಕಂತೆ. ಓಡಿಸಿದಳು. ಒಣ ರಸ್ತೆಯ ಮೇಲೆ ಆ ಕರಕರ ಸದ್ದಿಗೆ ಊರೆಲ್ಲ ತಿರುಗಿ ನೋಡಿತು. “ಏನೇ ಸೈಮಿ, ಸೈಕಲ್ ಸದ್ದೋ ನಿನ್ನ ಮಂಡಿ ಸದ್ದೋ?” ಅಂತ ಕೈಸು ಬಾಗಿಲಿಗೇ ಬಂದು ಕೂಗಿದಳು. ಆಮೇಲೆ ಹಿಂದಿನ ಚಕ್ರದ ನಡುವಿನ ಗುಂಬದೊಳಗಿನ, ಚಳಿಗೆ ಗಟ್ಟಿಯಾಗುವ ಗ್ರೀಸು ತೆಗೆದು ತೆಳು ಎಣ್ಣೆ ಬಿಡುವ ಕೆಲಸ. ಅದಕ್ಕೆ ಮೂರು ದಿನ ಹಿಡಿಯಿತು. ಅವಳ ಗಂಡ ಅದನ್ನೇ ಒಂದು ಸಿಗರೇಟಿನ ಹೊತ್ತಿನಲ್ಲಿ ಮುಗಿಸುತ್ತಿದ್ದ.

“ಇನ್ನು ವಸಂತದವರೆಗೂ ಇದು ಹೊರಗೇ ಇರ್ಬೇಕು,” ಅಂದ ಯಲ್ಮಾರಿ. “ಒಳಗೆ ತಂದ್ಯೋ, ಕೆಟ್ಟೆ.”

“ಯಾಕೆ?”

“ತಂದು ನೋಡು.”

ಇಂಥವನ ಜೊತೆ ಏನು ಮಾತಾಡುವುದು! ಡಿಸೆಂಬರಿನಲ್ಲಿ ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯಿತು. ಅಂಗಳದಲ್ಲಿ ಹಿಮ ಹೊದ್ದು ನಿಂತ ಸೈಕಲ್ಲನ್ನು ಕಿಟಕಿಯಿಂದ ನೋಡಿ ನೋಡಿ ಸೈಮಿಗೆ ದನವನ್ನಾದರೂ ಹೀಗೆ ಹೊರಗೆ ಬಿಡುತ್ತಾರೆಯೆ ಅನ್ನಿಸಿತು. ಒಳಗೆ ತಂದು ಮೆಟ್ಟಿಲ ಪಕ್ಕ, ಬಿಸಿನೀರಿನ ಕೊಳವೆಗೆ ಒರಗಿಸಿದಳು. ಹಿಮ ಕರಗಿ ನೀರಾಯಿತು. ಆ ನೀರು ಇಳಿಯಬಾರದ ಕಡೆಗೆಲ್ಲ ಇಳಿಯಿತು.

ಮಾರನೆ ದಿನ ನಡುಸೇತುವೆಯಲ್ಲಿ ಪೆಡಲು ಬರೀ ಸುತ್ತತೊಡಗಿತು. ತುಳಿದರೂ ಚಕ್ರಕ್ಕೆ ಅದರ ಪರಿವೆಯೇ ಇಲ್ಲ. ಸಿಟ್ಟಿಗೆ ಎದ್ದುನಿಂತು ತುಳಿದಳು. ಒಳಗೆ ಏನೋ ಲಟಕ್ಕೆಂದಿತು. ತಳ್ಳಿಕೊಂಡು ಹೋಗಿ ಮುಟ್ಟುವಾಗ ಹನ್ನೆರಡೂವರೆ. ತಟ್ಟೆ ಹೋಗಿತ್ತು. ಹಿಲ್ಯಾ ಗೋಡೆಯ ಕಡೆ ತಿರುಗಿ, ಸಂಜೆಯವರೆಗೂ ಈ ಕಡೆ ನೋಡಲಿಲ್ಲ.

“ಚಕ್ರ ಹಿಡಿಯೋ ಒಳಗಿನ ಹಲ್ಲು ಮುರಿದಿದೆ. ನೀರು ಹೋಗಿ ಹೊರಗಿನ ಚಳಿಗೆ ಗಡ್ಡೆಕಟ್ಟಿತ್ತು, ನೀನು ತುಳಿದೆ,” ಅಂದ ಯಲ್ಮಾರಿ.

“ಅದನ್ನ ಆವತ್ತೇ ಬಿಡಿಸಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು, ಮಾರಾಯಾ?”

ಅವನು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

ಅವಳ ಹಳೆಯ ಸೈಕಲ್ಲಿಗೆ ಹೊಂದುವ ಚಕ್ರ ಬರಲು ಐದು ವಾರವಂತೆ. ಸೈಮಿ ಮಂಜಿನ ಮೇಲೆ ಒಂದೂವರೆ ಗಂಟೆ ನಡೆದು ಹೋಗುವಳು, ಒಂದೂವರೆ ಗಂಟೆ ನಡೆದು ಬರುವಳು. ಎರಡು ಸಲ ಬಿದ್ದಳು. ಬಿದ್ದ ದಿನ ಗಂಜಿ ತಪ್ಪಿತು. ದಾರಿಯುದ್ದಕ್ಕೂ ಬಸ್ಸಿನವರನ್ನು, ಯಲ್ಮಾರಿಯನ್ನು, ಹೇಳದೆ ಕೇಳದೆ ಸತ್ತ ಗಂಡನನ್ನು, ಕೊನೆಗೆ ತನ್ನನ್ನೇ ಬೈದುಕೊಂಡಳು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಹೊರಟಾಗ ಅಂಗಳದಲ್ಲಿ ಆಂಬ್ಯುಲೆನ್ಸ್ ನಿಂತಿತ್ತು. ಯಲ್ಮಾರಿಯನ್ನು ಕಂಬಳಿ ಸುತ್ತಿ ಮಲಗಿಸಿ ತರುತ್ತಿದ್ದರು. ಇವಳನ್ನು ಕಂಡು ಮೂಗಿನ ಮೇಲಿನ ಕೊಳವೆ ಸರಿಸಿ, ಬೆರಳಿನಿಂದ ಹತ್ತಿರ ಕರೆದ. ಅವನ ಟಪಾಲು ಸೈಕಲ್ಲು ಹಿಮದಲ್ಲಿ ನಿಂತೇ ಇತ್ತು.

“ಅದರ ಹಿಂದಿನ ಚಕ್ರ ನಿನ್ನದಕ್ಕೆ ಹೊಂದುತ್ತೆ. ಬಿಚ್ಚಿ ಹಾಕ್ಕೋ. ಹನ್ನೊಂದರೊಳಗೆ ಮುಟ್ತೀಯ.”

“ನೀನು ವಾಪಸ್ ಬಂದು ಏನು ಓಡಿಸ್ತೀಯ?”

ಅವನು ಕೊಳವೆಯನ್ನು ಮತ್ತೆ ಮೂಗಿಗೆ ಏರಿಸಿಕೊಂಡ. ಆಂಬ್ಯುಲೆನ್ಸಿನ ಬಾಗಿಲು ಎಳೆಯುವಾಗ ತಲೆಯೆತ್ತಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ:

“ಬೆರಳು ಮರಗಟ್ಟಿದ್ರೂ ಸರಿ, ಇಲ್ಲೇ ನಿಂತು ಬಿಚ್ಚು. ಒಳಗೆ ಮಾತ್ರ ತಗೊಂಡು ಹೋಗ್ಬೇಡ ಕಣೇ!”