ಮೇಡಂ ಕೊಟ್ಟ ಪುಡಿ

ಮೇಡಂ ಅವರ ಬಲಗೈ ಬೆರಳ ತುದಿಗಳು ನೈಟ್ರಿಕ್ ಆಸಿಡ್ ತಾಗಿ ತಾಗಿ ಅರಸಿನ ಮೆತ್ತಿದ ಹಾಗೆ ಹಳದಿಯಾಗಿದ್ದವು. "ಮದುವೆ ಆಗದಿದ್ದರೂ ಕೈಗೆ ಅರಸಿನ ಉಂಟು" ಎಂದು ಹಿಂದಿನಿಂದ ನಕ್ಕ ವಿದ್ಯಾರ್ಥಿಯೊಬ್ಬನನ್ನು ಅವರು ಪ್ರಾಕ್ಟಿಕಲ್‌ನಲ್ಲಿ ಪಾಸಾಗಲು ಬಿಡಲೇ ಇಲ್ಲ. ಕಡೆಗೆ ಅವನು ಕಾರ್ಕಳದ ಮಾವನ ಅಂಗಡಿಯಲ್ಲಿ ಜೀರಿಗೆ ಪೊಟ್ಟಣ ಕಟ್ಟುತ್ತ ಕೂತ.

ಅದು ಅರವತ್ತರ ದಶಕದ ಕೊನೆಯ ಮಣಿಪಾಲ. ಮೇಡಂ ಕಾಲೇಜಿನ ಔಷಧ ಪರೀಕ್ಷೆಯ ಲ್ಯಾಬಿನ ಮುಖ್ಯಸ್ಥೆ. ಉದ್ಯಾವರದ ಕಾನ್ವೆಂಟ್ ಹುಡುಗಿಯಾದ ನಾನು, ಕಾಪುವಿನ ನನ್ನ ಗೆಳತಿ, ಇಬ್ಬರೂ ಅವರ ಕೈಕೆಳಗೆ ಟೆಂಪರರಿ. ಪರ್ಮನೆಂಟ್ ಆಗುವುದು ಒಬ್ಬಳೇ. ನನ್ನ ಅಪ್ಪ ತೀರಿಕೊಂಡಿದ್ದರು, ಅವಳ ಅಪ್ಪ ಹಾಸಿಗೆ ಹಿಡಿದಿದ್ದರು. ಮೇಡಂಗೆ ಎರಡೂ ಗೊತ್ತಿತ್ತು.

ದ್ರಾವಣ ತುಂಬಿ ಅಳತೆಯ ಯಂತ್ರದೊಳಗೆ ಇಡುವ ಪುಟ್ಟ ಪಾತ್ರೆಯಲ್ಲಿ ಬೆಳಕು ಹಾಯುವ ಬದಿಗೆ ಬೆರಳು ತಾಗಿದರೆ ಗಾಜಿನ ಕಡ್ಡಿಯಿಂದ ಗೆಣ್ಣಿಗೆ ಹೊಡೆಯುವರು. "ತಲೆಗೆ ಹಚ್ಚಿದ ಎಣ್ಣೆ ಯಂತ್ರಕ್ಕೆ ಯಾಕೆ ತೋರಿಸುತ್ತೀ?" ಸಾರಿ ಎಂದರೆ, "ಸಾರಿ ಹೇಳುವುದು ಚರ್ಚಿನಲ್ಲಿ. ಇಲ್ಲಿ ರೀಡಿಂಗ್ ಹೇಳು."

ಆಯ್ಕೆಯ ದಿನ ಇಬ್ಬರಿಗೂ ಒಂದೊಂದು ಪೊಟ್ಟಣ ಪುಡಿ ಕೊಟ್ಟರು. "ತಲೆನೋವಿನ ಮಾತ್ರೆಯ ಪುಡಿ. ಫೆನಾಸಿಟಿನ್ ಎಷ್ಟು, ಕೆಫೀನ್ ಎಷ್ಟು, ಸಂಜೆಯೊಳಗೆ ಹೇಳಿ."

ಎರಡು ಔಷಧಿಗಳೂ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನು ಹೀರುತ್ತವೆ. ಒಂದು ತರಂಗಾಂತರದಲ್ಲಿ ಇದು ಹೆಚ್ಚು, ಇನ್ನೊಂದರಲ್ಲಿ ಅದು ಹೆಚ್ಚು. ಎರಡೂ ಕಡೆ ಅಳೆದು ಎರಡು ಸಮೀಕರಣ ಬಿಡಿಸಿದರೆ, ಬೇರ್ಪಡಿಸದೆಯೇ ಯಾವುದು ಎಷ್ಟೆಂದು ತಿಳಿಯುತ್ತದೆ. ಪೇಟೆಯ ಮಾತ್ರೆಗಳನ್ನು ದಿನವೂ ಹೀಗೆ ಅಳೆದು ಮಾಮೂಲಿ ಪ್ರಮಾಣ ನಮಗೆ ಬಾಯಿಪಾಠವಾಗಿತ್ತು.

ನನಗೆ ಕೆಫೀನ್ ಸೊನ್ನೆ ಬಂತು. ಮತ್ತೆ ಮಾಡಿದೆ. ಮತ್ತೂ ಸೊನ್ನೆ.

"ಕೆಫೀನ್ ಎಲ್ಲಿ ಹೋಯಿತು?" ಮೇಡಂ ಬೆನ್ನ ಹಿಂದೆ ನಿಂತಿದ್ದರು. "ಚಾ ಮಾಡಿ ಕುಡಿದೆಯಾ?" ಲ್ಯಾಬಿಡೀ ನಕ್ಕಿತು.

ಅವರು ಆಚೆ ಹೋದ ಮೇಲೆ ಗೆಳತಿ ಪಿಸುಗುಟ್ಟಿದಳು: "ನನಗೂ ಸೊನ್ನೆಯೇ ಮಾರಾಯ್ತಿ. ಎಲ್ಲೋ ತಪ್ಪಿದ್ದೇವೆ. ಮಾಮೂಲಿ ಲೆಕ್ಕ ಬರೆದುಬಿಡುವ. ಸೊನ್ನೆ ಕೊಟ್ಟರೆ ಓಡಿಸುತ್ತಾರೆ."

ಅವಳು ಬರೆದಳು. ನಾನು ಸೊನ್ನೆಯನ್ನೇ ಕೊಟ್ಟೆ. ಧೈರ್ಯವಲ್ಲ, ಸುಳ್ಳು ಬರೆದರೆ ಶನಿವಾರ ಕನ್ಫೆಷನ್‌ನಲ್ಲಿ ಫಾದರ್‌ಗೆ ಹೇಳಬೇಕಲ್ಲ ಎಂಬ ಹೆದರಿಕೆ.

ಮೇಡಂ ಅವಳ ಉತ್ತರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. "ಕೆಫೀನ್ ನಾನು ಹಾಕಿಯೇ ಇಲ್ಲ. ನಿನಗೆ ಎಲ್ಲಿ ಸಿಕ್ಕಿತು? ಮನೆಯಿಂದ ತಂದೆಯಾ?"

"ಮೇಡಂ, ನೀವೇ ಎರಡೂ ಉಂಟು ಅಂತ..."

"ಎಷ್ಟು ಅಂತ ಕೇಳಿದ್ದು ನಾನು."

"ಇನ್ನೊಂದು ಸಲ ಮಾಡುತ್ತೇನೆ ಮೇಡಂ. ಅಪ್ಪನ ಮದ್ದಿಗೆ..."

"ಅಪ್ಪನ ಮದ್ದನ್ನೂ ನಿನ್ನಂಥವಳೇ ಪಾಸು ಮಾಡಿರಬೇಕು. ಅದಕ್ಕೇ ಏಳುವುದಿಲ್ಲ. ಏಪ್ರನ್ ಬಿಚ್ಚಿಟ್ಟು ಹೋಗು."

ಕೆಲಸ ಸಿಕ್ಕಿದ್ದಕ್ಕೆ ನಾನು ಥ್ಯಾಂಕ್ಸ್ ಹೇಳಹೋದರೆ ಮೇಡಂ ತಲೆ ಎತ್ತಲಿಲ್ಲ. "ನೀನೇ ಹೋಗುತ್ತೀ ಅಂತ ಎಣಿಸಿದ್ದೆ. ಅವಳು ನಿನಗಿಂತ ಚುರುಕು."

ಆ ಕೆಲಸದಿಂದಲೇ ನನ್ನ ತಮ್ಮಂದಿರು ಓದಿದರು, ಅಮ್ಮನ ಕಣ್ಣಿನ ಆಪರೇಷನ್ ಆಯಿತು. ಗೆಳತಿಯ ಅಪ್ಪ ಮಳೆಗಾಲ ದಾಟಲಿಲ್ಲ. ಅವಳನ್ನು ಮುಂಬಯಿಗೆ, ಎರಡನೇ ಸಂಬಂಧಕ್ಕೆ ಕೊಟ್ಟರು. ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಮೇಡಂ ರಿಟೈರ್ ಆದ ದಿನ ಧೈರ್ಯ ಮಾಡಿ ಕೇಳಿದೆ: "ಆ ಕಾಪುವಿನ ಹುಡುಗಿಗೆ ಇನ್ನೊಂದು ಚಾನ್ಸ್ ಕೊಡಬಹುದಿತ್ತಲ್ವಾ ಮೇಡಂ?"

"ಯಾವ ಹುಡುಗಿ?" ಎಂದರು. ನಟನೆಯಲ್ಲ, ನಿಜಕ್ಕೂ ಮರೆತಿದ್ದರು.

ಅವರು ತೀರಿಕೊಂಡ ಸುದ್ದಿ ಬಂದಾಗ, ನಮ್ಮ ಮನೆಯ ಅನ್ನ ಅವರದ್ದೆಂದು, ಅವರ ಆತ್ಮಕ್ಕೆ ಒಂದು ಪೂಜೆ ಹೇಳಿಸೋಣವೆಂದು ಚರ್ಚಿಗೆ ಹೋದೆ. ಫಾದರ್ ಯಾರಿಗಾಗಿ ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ಗೆಳತಿಯ ಅಪ್ಪನ ಹೆಸರು.