ಓಡುವ ಹಡಗಿಗೆ ಬೀಳದ ಬಾಂಬು

ತಾರಸಿಯಿಂದ ನಾನು ನಿಂಬೆಹಣ್ಣು ಎಸೆದದ್ದು ಕೋಳಿಗೋ ನಾಯಿಗೋ, ಈಗ ಖಾತ್ರಿಯಿಲ್ಲ. ಕೋಳಿ ಎಂದೇ ಇಟ್ಟುಕೊಳ್ಳೋಣ.

ಹೊಸನಗರದ ಜೆರಾಕ್ಸ್ ಅಂಗಡಿಯವರೊಂದಿಗೆ ಒಂದು ಭಾನುವಾರ ಅಂಗಡಿಯ ಕಂಪ್ಯೂಟರಿನಲ್ಲಿ ಪೆಸಿಫಿಕ್ ಮಹಾಸಾಗರದ ಯುದ್ಧದ ಆಟ ಆಡುತ್ತಿದ್ದೆ. ಎಂದೂ ಗೆಲ್ಲದ ನಾನು ಅಂದು ಬಾಂಬರ್ ವಿಮಾನಗಳಿಂದ ಅವರ ಹಡಗುಗಳನ್ನು ಮುಳುಗಿಸುತ್ತ ಬಂದು ಒಂದನ್ನಷ್ಟೇ ಉಳಿಸಿದ್ದೆ.

“ಹಂಗೆಲ್ಲ ಆಗಲ್ಲ ಮಾರಾಯ, ಓಡೋ ಹಡಗಿಗೆ ಬಾಂಬು ಬೀಳಲ್ಲ,” ಎಂದು ಅವರು ಕನ್ನಡಕ ಹಣೆಗೇರಿಸಿದರು. ಯಾವುದಕ್ಕೂ ಅವರದು ಅದೇ ‘ಹಂಗೆಲ್ಲ ಆಗಲ್ಲ’. ತಾರಸಿಗೆ ಕರೆದೊಯ್ದು ನಿಂಬೆಹಣ್ಣು ಕೊಟ್ಟರು. “ಆ ಓಡೋ ಕೋಳಿಗೆ ಹಾಕು ನೋಡನ.”

ಒಂದೂ ತಾಗಲಿಲ್ಲ.

“ಕೋಳಿ ಹಡಗಲ್ಲ ಅಣ್ಣಾ!”

“ಹಡಗೇನು ನಿಂತ್ಕೊಂಡು ಕಾಯ್ತದಾ?”

ಕೆಳಗಿಳಿದು ಬಂದು, ಆಟ ನಿಜದಂತಿರಲಿ ಎಂದು ಸೆಟ್ಟಿಂಗಿನಲ್ಲಿ ಇಬ್ಬರ ಬಾಂಬರುಗಳ ಗುರಿಯ ನಿಖರತೆಯನ್ನೂ ತಾವು ತಗ್ಗಿಸಿದ್ದಾಗಿ ಹೇಳಿದರು. ಆಮೇಲೆ ನನ್ನ ಬಾಂಬುಗಳೆಲ್ಲ ನೀರಿಗೆ ಬಿದ್ದವು. ಅವರವು ನನ್ನ ಹಡಗುಗಳನ್ನೆಲ್ಲ ಮುಳುಗಿಸಿದವು.

“ಅಭ್ಯಾಸ ಬೇಕು ಮಾರಾಯ.”

ಮೊನ್ನೆ ಅದೇ ಕಂಪ್ಯೂಟರಿನಲ್ಲಿ, ಅಂದಿನ ಸೆಟ್ಟಿಂಗ್ ಹಾಗೇ ಇಟ್ಟು, ಅವರ ಕಡೆಯಿಂದ ಆಡಿ ಪರೀಕ್ಷಿಸಿದೆ. ಆ ಕಡೆಯ ಬಾಂಬರುಗಳ ನಿಖರತೆ ತಗ್ಗಿರಲೇ ಇಲ್ಲ.